ಸದರಿ ಮಗು

ನಾಳಿ ಹನ್ನೊಂದಕ್ಕ, ಜಗದೇವಿ, ಚಿತ್ತಾಪುರದಾಗ,
ಬಿಆರ್‌ಸಿ ಆಫೀಸು. ವಾಡಿಯಿಂದ ಹತ್ತರ ಬಸ್ಸು ಹಿಡೀಬೇಕು.
ಮಲ್ಕುಗ ರೊಟ್ಟಿ ಕಟ್ಟಿಕೋ. ಹೊಟ್ಟಿ ಹಸಿದ್ರ ಅಂವ ಚೀರ್ತಾನ,
ಚೀರಿದ್ರ ಅದನ್ನೂ ಬರಕೋತಾರ.

ಈ ಪ್ಲಾಸ್ಟಿಕ್ ಚೀಲದಾಗ ಎಲ್ಲಾ ಅದ:
ದವಾಖಾನಿ ಚೀಟಿ, ಆಧಾರು, ಶೇಕಡಾ ಎಪ್ಪತ್ತೈದರ ಸರ್ಟಿಫಿಕೇಟು.
ಎಪ್ಪತ್ತೈದು ಏನಿಲ್ಲಂತ ಅದರಾಗ ಬರದದ.
ಉಳಿದ ಇಪ್ಪತ್ತೈದು ನೀ ಬಾಯಿಲೆ ಹೇಳಬೇಕು.
ಹೇಳು: ನೆಲಕ್ಕ ಅಂಗೈ ಇಟ್ಟು
ಗೂಡ್ಸ್ ಬಂತೋ ಮೇಲ್ ಬಂತೋ ನಮಗಿಂತ ಮೊದಲ ತೋರಸ್ತಾನ.
ಹೇಳು: ತೊಗರಿಯಾಗಿನ ಕಲ್ಲು ಆರಸ್ತಾನ, ಒಂದೂ ಬಿಡೂದಿಲ್ಲ.
ಲೋಡು ಹಾಕಿ ಅಪ್ಪ ಮನಿಗೆ ಬಂದ್ರ
ಕಾಲು ಎಳೀತಾ ಹೋಗಿ, ಸಿಮೆಂಟು ಹತ್ತಿದ ಚಪ್ಲಿ
ತಾನೇ ಕೊಡವಿ ಇಡ್ತಾನ.
ಇದೂ ಓದಾ ಅಂತ ಯಾರಾರ ನಕ್ರ
ನಗಲಿ ಬಿಡು. ನಕ್ಕು ಮುಗಿದ ಮ್ಯಾಲ ಮತ್ತ ಹೇಳು.

ಅವರು ಐದು ಮಂದಿ ಇರ್ತಾರ, ನೀ ಒಬ್ಬಾಕಿ.
ಸೆರಗಿನ ತುದಿ ಬಾಯಾಗ ಇಟಗೊಳ್ಳಬ್ಯಾಡ.
"ಮನಿಯಾಗೇ ಕಲಸೋಣ, ವಾರಕ್ಕೊಮ್ಮಿ ಟೀಚರ್ ಬರ್ತಾರ" ಅಂತಾರ,
ದನಿ ಭಾಳ ಮೆತ್ತಗ, ಬೆಣ್ಣಿ ಹಚ್ಚಿದಂಗ.
ಯಾವ ವಾರ? ಯಾವ ಟೀಚರು? ಫೋನ್ ನಂಬರೇನು?
ಬರದು ಕೊಡ್ರಿ ಅನ್ನು.
ಹೆಬ್ಬಟ್ಟು ಮುಷ್ಟಿಯಾಗ ಇರಲಿ, ಮುಷ್ಟಿ ಉಡಿಯಾಗ,
ನಾ ಓದೋ ತನಕ ಹೊರಗ ತೆಗೀಬ್ಯಾಡ.

ನನಗ ಹ್ಯಾಂಗ ಗೊತ್ತಂತಿ?
ಯಾಸ್ಮೀನಗ ಆಗ ಏಳು. ಇದೇ ಆಫೀಸು, ಬ್ಯಾರೆ ಸಾಹೇಬರು.
ಚಾ ತರಿಸಿದ್ರು. ಇಷ್ಟು ದೊಡ್ಡ ಮಂದಿ ನನಗ ಚಾ ತರಿಸಿದ್ರಲ್ಲಾ ಅಂತ
ಕಪ್ಪು ಕೆಳಗಿಟ್ಟು ಸಹಿ ಮಾಡಿದೆ.
ನನಗ ಓದಲಾಕ ಬರ್ತಿತ್ತು, ಜಗದೇವಿ. ಅದೇ ನೋಡು.
ಆರು ವರ್ಷ ಆದಮ್ಯಾಲ ಪೆಟ್ಟಿಗಿ ತಳದಾಗ ಆ ಕಾಗದ ಸಿಕ್ತು:
"ಸ್ವಇಚ್ಛೆಯಿಂದ ಮಗುವನ್ನು ಮನೆಯಲ್ಲೇ ಇರಿಸಿಕೊಳ್ಳಲು ಒಪ್ಪಿರುತ್ತೇನೆ."
ಇಚ್ಛಾ ಅಂದ್ರ ಏನಂತ
ಮಷೀನಿನ ಮುಂದ ಕೂತು, ಯಾರದೋ ಜಂಪರಿನ ತೋಳು ಹೊಲೀತಾ
ಭಾಳ ದಿನ ವಿಚಾರ ಮಾಡೀನಿ.

*

ಮರುದಿನ ಆಕಿ ಎಲ್ಲಾ ಮರತಳು.
ತೊಗರಿ ಮರತಳು, ಗೂಡ್ಸ್ ಮರತಳು,
ಸೆರಗು ಬಾಯಾಗೇ ಇತ್ತು.
ನಾ ಗೋಡಿಗೆ ಹತ್ತಿ ನಿಂತಿದ್ದೆ,
ಸಂಬಂಧಿಕರಲ್ಲದವರು ಮಾತಾಡಂಗಿಲ್ಲ ಅಂದಿದ್ರು.
ಮಲ್ಕು ನೆಲಕ್ಕ ಕೂತು ಫ್ಯಾನಿನ ನೆರಳು ಹಿಡೀಲತ್ತಿದ್ದ.
ಮೇಡಂ ಓದಿದ್ರು: ಸದರಿ ಮಗುವು ಹಂಗ, ಸದರಿ ಮಗುವಿಗೆ ಹಿಂಗ,
ಸದರಿ ಮಗುವಿನ ಪಾಲಕರು...
ಇಂಕಿನ ಡಬ್ಬಿ ಮುಚ್ಚಳ ತೆಗದ್ರು.

"ಸದರಿ ಅಂದ್ರ ಯಾರ್ರಿ?" ಅಂದಳು ಜಗದೇವಿ.
"ನನ್ನ ಮಗನ ಹೆಸರು ಮಲ್ಕಪ್ಪ.
ಅವಂದು ಕಾಗದ ಬ್ಯಾರೆ ಇರಬೇಕು. ಹುಡಕ್ರಿ,
ನಾ ಕುಂದರ್ತೀನಿ."

ಹಾಸ್ಯ ಅಲ್ಲ, ಖರೇನೇ ಕೇಳಿದ್ದಳು.
ಸಾಹೇಬರು ಮೇಡಂ ಕಡಿ ನೋಡಿದ್ರು, ಮೇಡಂ ಕಾಗದದ ಕಡಿ.
ಆಮ್ಯಾಲ ಹಳೇದು ಮಡಚಿ, ಹೊಸ ಹಾಳಿ.
ವಾರದಾಗ ಮೂರು ದಿನ ಸಾಲಿ, ಉಳಿದದ್ದು ಮನಿ.
ಮೆಟ್ಟಿಲ ಬಾಜೂಕ ಹಿಡಕೊಳ್ಳಲಾಕ ಕಬ್ಬಿಣದ ಪೈಪು:
"ಪರಿಶೀಲಿಸಲಾಗುವುದು."
ಆ ಪರಿಶೀಲನಾ ಎಷ್ಟು ತಿಂಗಳದ್ದಂತ ಕೇಳೋದು
ಬಸ್ಸು ಹತ್ತಿದ ಮ್ಯಾಲ ಇಬ್ಬರಿಗೂ ಹೊಳೀತು.

ಮನಿಗೆ ಬಂದಾಗ ಸಂಜಿ. ಯಾಸ್ಮೀನ ಗುಂಡಿ ಹಚ್ಚತಿದ್ದಳು.
ಎಲ್ಲಿ ಹೋಗಿದ್ದಿ, ಕೈ ತಿರುವಿ ಕೇಳಿದಳು.
ಎರಡೂ ಅಂಗೈ ಪುಸ್ತಕದಂಗ ತೆರದೆ: ಸಾಲಿಗಿ.
ಹತ್ತೊಂಬತ್ತು ವರ್ಷದಾಕಿ ಸೂಜಿ ಕೆಳಗಿಟ್ಟಳು,
ತನ್ನ ಎದಿ ಮ್ಯಾಲ ಬೆರಳಿಟ್ಟು ಹುಬ್ಬು ಏರಿಸಿದಳು:
ನನ್ನದಾ?